ಪರದೆಯ ಎರಡು ಹೊಲಿಗೆಗಳು

ಪ್ರವಾಸದ ಚಿತ್ರ ನೋಡಲು ಬಂದವರನ್ನು ಮೊದಲ ಹತ್ತು ಹನ್ನೆರಡು ನಿಮಿಷ ಹೀಗೆ ಸತಾಯಿಸಿದ ಸಿನಿಮಾ ಇನ್ನೊಂದಿರಲಾರದು. ‘ದಿಸ್ ಈಸ್ ಸಿನೆರಾಮ’ದ ಆರಂಭದಲ್ಲಿ ನಿರೂಪಕ ಲೋವೆಲ್ ಥಾಮಸ್ ಅವರು ಮಾಮೂಲಿ ಅಳತೆಯ ಕಪ್ಪು ಬಿಳುಪು ಚೌಕದೊಳಗಿಂದ, ಗುಹಾಚಿತ್ರಗಳಿಂದ ಮೊದಲ್ಗೊಂಡು ಚಲನಚಿತ್ರದ ವಂಶಾವಳಿಯನ್ನೆಲ್ಲ, ಮದುವೆ ಮಾತುಕತೆಗೆ ಬಂದ ಹಿರಿಯರ ಸಾವಧಾನದಲ್ಲಿ ಹೇಳಿ ಮುಗಿಸುತ್ತಾರೆ. ಆಮೇಲೆ ಚಿತ್ರದ ಹೆಸರನ್ನು ಘೋಷಿಸುತ್ತಾರೆ. ತೆರೆ ಎರಡೂ ಬದಿಗೆ ಸರಿಯತೊಡಗಿ ಸರಿಯುತ್ತಲೇ ಹೋಗುತ್ತದೆ, ಬಣ್ಣ ಬರುತ್ತದೆ, ನಾವು ನ್ಯೂಯಾರ್ಕಿನ ರಾಕವೇ ಕಡಲತೀರದ ರೋಲರ್ ಕೋಸ್ಟರಿನ ಮುಂದಿನ ಸೀಟಿನಲ್ಲಿರುತ್ತೇವೆ. 1952ರ ಸೆಪ್ಟೆಂಬರ್ 30ರ ರಾತ್ರಿ ಬ್ರಾಡ್‌ವೇ ಥಿಯೇಟರಿನಲ್ಲಿ ಕುಳಿತಿದ್ದವರಿಗೆ ಜೀವ ಬಾಯಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರು ಚಿತ್ರಗಳನ್ನು ಅಕ್ಕಪಕ್ಕ ಕೂಡಿಸಿ ಒಂದೇ ಅಗಲ ಚಿತ್ರವಾಗಿ ತೋರಿಸುವ ಈ ಸಿನೆರಾಮ ಪದ್ಧತಿಯನ್ನು ರೂಪಿಸಿದ ಫ್ರೆಡ್ ವಾಲರ್, ನೀರಿನ ಮೇಲೆ ಜಾರುವ ಸ್ಕೀಗೆ 1925ರಲ್ಲಿಯೇ ಪೇಟೆಂಟ್ ಪಡೆದಿದ್ದವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಬಂದೂಕುಗಾರರಿಗೆ ತರಬೇತಿ ಕೊಡಲು ಐದು ಪ್ರೊಜೆಕ್ಟರುಗಳ ಯಂತ್ರವೊಂದನ್ನು ಮಾಡಿಕೊಟ್ಟಿದ್ದವರು. ನಮ್ಮ ಕಣ್ಣು ಎದುರಿನದನ್ನಷ್ಟೇ ಅಲ್ಲ, ಕಡೆಗಣ್ಣಿನದನ್ನೂ ನೋಡುತ್ತದೆ, ‘ನಾನಿಲ್ಲಿದ್ದೇನೆ’ ಎಂಬ ಭಾವ ಹುಟ್ಟುವುದೇ ಆ ಕಡೆಗಣ್ಣಿನಲ್ಲಿ ಎಂಬುದು ಅವರ ಎಣಿಕೆ. ಅದಕ್ಕಾಗಿ ಮೂರು ಲೆನ್ಸುಗಳ ಒಂದು ಕ್ಯಾಮೆರಾ, ಮೂರು ಸುರುಳಿ, ಮೂರು ಪ್ರೊಜೆಕ್ಟರು, ಕಮಾನಿನಂತೆ ಬಾಗಿ 146 ಡಿಗ್ರಿ ನೋಟವನ್ನು ತುಂಬುವ ಪರದೆ. ಆ ಪರದೆಯಾದರೂ ಒಂದೇ ಬಟ್ಟೆಯಲ್ಲ. ಒಂದು ತುದಿಯ ಬೆಳಕು ಪ್ರತಿಫಲಿಸಿ ಇನ್ನೊಂದು ತುದಿಯನ್ನು ಮಸುಕಾಗಿಸಬಾರದೆಂದು ಸಾವಿರಕ್ಕೂ ಹೆಚ್ಚು ಉದ್ದನೆಯ ಪಟ್ಟಿಗಳನ್ನು ಓರೆಯಾಗಿ ನಿಲ್ಲಿಸಿದ್ದರು.

ನನ್ನ ಕುತೂಹಲವೆಲ್ಲ ಮೂರು ಚಿತ್ರಗಳು ಕೂಡುವ ಆ ಎರಡು ಹೊಲಿಗೆಗಳ ಮೇಲೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸಿ, ಆ ಕೂಡಿಕೆಯನ್ನೇ ಹೆಮ್ಮೆಯಿಂದ ತೋರಿಸುತ್ತಾರೆ; ಸಿನೆರಾಮದವರಿಗೆ ಅದನ್ನು ಮುಚ್ಚುವುದೇ ಚಿಂತೆ. ಅಂಚು ಮಸುಕಾಗಲೆಂದು ಪ್ರೊಜೆಕ್ಟರಿನೊಳಗೆ ಬಾಚಣಿಗೆಯಂಥ ಹಲ್ಲಿನ ತಗಡುಗಳು ಸದಾ ಮೇಲೆ ಕೆಳಗೆ ಕುಣಿಯುತ್ತಿದ್ದವು. ಅವಕ್ಕೆ ‘ಜಿಗೊಲೊ’, ಅಂದರೆ ಹಣಕ್ಕಾಗಿ ಹೆಂಗಸರ ಸಂಗ ಮಾಡುವ ಗಂಡಸು, ಎಂಬ ಪೋಲಿ ಹೆಸರು ಬೇರೆ. ಚಿತ್ರೀಕರಿಸುವಾಗ ಗೆರೆ ಬೀಳುವ ಜಾಗಕ್ಕೆ ಮರವನ್ನೋ ಕಂಬವನ್ನೋ ತಂದುಕೊಳ್ಳುತ್ತಿದ್ದರು. ಮನುಷ್ಯರದು ಇದಕ್ಕಿಂತ ಕಷ್ಟ. ಎಡ ತುಂಡಿನಲ್ಲಿರುವವರು ಬಲ ತುಂಡಿನಲ್ಲಿರುವವರನ್ನು ನೇರವಾಗಿ ನೋಡಿ ಮಾತಾಡಿದರೆ, ಪರದೆಯ ಮೇಲೆ ಅವರ ನೋಟ ಬೇರೆಲ್ಲೋ ಹೋಗಿರುತ್ತಿತ್ತು. ಬೆಟ್ಟಕ್ಕೆ ಈ ತಾಪತ್ರಯವಿಲ್ಲ, ನಯಾಗರಾ ಯಾರ ಮುಖವನ್ನೂ ನೋಡಿ ಧುಮುಕಬೇಕಿಲ್ಲ. ಈ ಕ್ಯಾಮೆರಾ ಹತ್ತು ವರ್ಷ ಕತೆಯ ಗೊಡವೆಗೆ ಹೋಗದೆ ಊರೂರು ತಿರುಗಿದ್ದಕ್ಕೆ ಲೋಕಸಂಚಾರದ ಹಂಬಲವೊಂದೇ ಕಾರಣವಲ್ಲ, ಈ ಅನುಕೂಲವೂ ಕಾರಣ ಎಂದೇ ನನ್ನ ಗುಮಾನಿ.

ತಿರುಗಿದ್ದೇನೋ ನಿಜ, ಆದರೆ ಮೊದಲ ದಿನದ ಕಿರುಚಾಟದ ರುಚಿ ಅವರನ್ನು ಬಿಡಲಿಲ್ಲ. ಎಲ್ಲಿ ಹೋದರೂ ಒಂದು ರೋಲರ್ ಕೋಸ್ಟರ್ ಬೇಕಾಗುತ್ತಿತ್ತು. 1956ರ ‘ಸೆವೆನ್ ವಂಡರ್ಸ್ ಆಫ್ ದ ವರ್ಲ್ಡ್’ಗಾಗಿ ಭಾರತಕ್ಕೆ ಬಂದಾಗ ಆ ಕರ್ತವ್ಯ ಡಾರ್ಜೀಲಿಂಗಿನ ರೈಲಿನ ಪಾಲಿಗೆ ಬಂತು. ಎರಡೇ ಅಡಿ ಅಗಲದ ಹಳಿಯ ಮೇಲೆ, ಅಂಗಡಿಗಳ ಬಾಗಿಲು ಸವರಿಕೊಂಡು, ಓಡಿ ಹತ್ತಬಹುದಾದಷ್ಟು ನಿಧಾನವಾಗಿ ಚಲಿಸುವ ಆ ಸಾಧು ರೈಲು, ಚಿತ್ರದಲ್ಲಿ ಹಿಡಿತ ತಪ್ಪಿ ಇಳಿಜಾರಿನಲ್ಲಿ ಧಾವಿಸುತ್ತದೆ!

ಮೂರು ಸುರುಳಿಗಳಲ್ಲಿ ಒಂದು ಹರಿದರೆ, ಕಳೆದುಹೋದಷ್ಟೇ ಚೌಕಟ್ಟುಗಳ ಕಪ್ಪು ಫಿಲ್ಮನ್ನು ಎಣಿಸಿ ಸೇರಿಸಬೇಕು. ಇಲ್ಲವಾದರೆ ವೆನಿಸ್ಸಿನ ದೋಣಿಯ ಮೂತಿ ಒಂದು ಗಳಿಗೆಯಲ್ಲಿ, ಬಾಲ ಇನ್ನೊಂದು ಗಳಿಗೆಯಲ್ಲಿ ಇರುತ್ತದೆ. ಅಂಥ ಹೊತ್ತಿಗೆ ತೋರಿಸಲೆಂದೇ ಪ್ರತ್ಯೇಕ ಸುರುಳಿಯೊಂದು ಸಿದ್ಧವಿರುತ್ತಿತ್ತು. ಅದರಲ್ಲಿ ಥಾಮಸ್ ಅವರೇ ಮತ್ತೆ ಬಂದು, ಪ್ರೇಕ್ಷಕರನ್ನು ಮಾತಿನಲ್ಲಿ ಹಿಡಿದಿಡುತ್ತಿದ್ದರು.

ಈಗ ಡಿಜಿಟಲ್ ದುರಸ್ತಿಯಲ್ಲಿ ಆ ಕೂಡಿಕೆಗಳನ್ನು ಬಹುಮಟ್ಟಿಗೆ ಅಳಿಸಿದ್ದಾರೆ. ಬಾಗಿದ ಪರದೆಯ ಭ್ರಮೆಗಾಗಿ ಚಿತ್ರವನ್ನು ನಡುವೆ ಕಿರಿದಾಗಿ, ಅಂಚಿನಲ್ಲಿ ಹಿರಿದಾಗಿ ಕೂರಿಸಿದ್ದಾರೆ. ನನ್ನ ಲ್ಯಾಪ್‌ಟಾಪಿನ ಗೇಣಗಲದ ತೆರೆಯಲ್ಲಿ ಕಡೆಗಣ್ಣಿಗೆ ಸಿಗುವುದು ಜಗತ್ತಲ್ಲ, ಪಕ್ಕದಲ್ಲಿ ಆರುತ್ತಿರುವ ಕಾಫಿ. ಹಾಗಾಗಿ ನಾನು ಚಿತ್ರವನ್ನು ನಿಲ್ಲಿಸಿ, ನಯಾಗರಾದ ಮೇಲಿನ ಆಕಾಶದಲ್ಲಿ ಒಂದು ನೀಲಿ ಮುಗಿದು ಇನ್ನೊಂದು ನೀಲಿ ತೊಡಗುವ ಜಾಗವನ್ನು ಹುಡುಕುತ್ತಾ ಕೂರುತ್ತೇನೆ.