ಮೊದಲು ಕುಡಿತ ಬಿಟ್ಟು ಬಾ ಅಂದರೆ?
ಮಾಜಿ ಸೈನಿಕರ ಕುಡಿತಕ್ಕೂ ಯುದ್ಧದ ಆಘಾತಕ್ಕೂ ಮಾಮೂಲಿ ಡಾಕ್ಟರ ಹತ್ತಿರವೇ ಒಟ್ಟಿಗೆ ಚಿಕಿತ್ಸೆ ಸಿಗಬೇಕು ಎಂದಿದ್ದೀರಿ. ನೂರಕ್ಕೆ ನೂರು ಸರಿ. ಅಮೆರಿಕದ ವೆಟರನ್ಸ್ (ಮಾಜಿ ಸೈನಿಕರ) ಆಸ್ಪತ್ರೆಗಳಲ್ಲಿ ಕುಡಿತದ ಬಗ್ಗೆ 3 ಪ್ರಶ್ನೆ, ಆಘಾತದ ಬಗ್ಗೆ 5 ಪ್ರಶ್ನೆ ಕೇಳುವ ಪದ್ಧತಿ ಇದೆ. ಆದರೆ ಕೇಳಿ ಆದಮೇಲೆ 'ಮೊದಲು ಕುಡಿತ ಬಿಟ್ಟು ಬಾ' ಅಂದರೆ ಏನು ಬಂತು? ಕೆಟ್ಟ ಕನಸಿಗೆ ಹೆದರಿಯೇ ಅಲ್ವಾ ಎಷ್ಟೋ ಜನ ಕುಡಿಯುವುದು? ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ. ಒಮ್ಮೆಲೇ ಬಿಟ್ಟರೂ ಕಷ್ಟ, ಕೈನಡುಕ, ಕೆಲವರಿಗೆ ಫಿಟ್ಸ್.

ನಮ್ಮದು ಕೊಡಗು. ದೊಡ್ಡಪ್ಪ ಮಿಲಿಟರಿಯಿಂದ ಬಂದವರು. ಪಟಾಕಿ ಸದ್ದಾದರೆ ತೋಟಕ್ಕೆ ಹೋಗಿ ಕೂರುತ್ತಿದ್ದರು, ಜೊತೆಗೆ ಕ್ಯಾಂಟೀನ್ ರಮ್. ನಾವು ಸುಮ್ನೆ ನಗುತ್ತಿದ್ದೆವು. ಡಾಕ್ಟರು ಪ್ರತಿ ಸಲ ಲಿವರ್ ಟೆಸ್ಟ್ ಬರೆದುಕೊಟ್ಟರು. ನಿದ್ದೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.