ಗೋಡೆ ಕಚ್ಚಾ, ಹೊಗೆ ಪಕ್ಕಾ

ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಇನ್ನೂ ಮಾಳಿಗೆ ಮನೆಗಳಿವೆ. ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಜಂತೆ, ಮೇಲೆ ನೀರು ಇಳಿಯಲು ಬಿಡದ ಕರ್ಲುಮಣ್ಣು. ಮಳೆಗೆ ಮುಂಚೆ ಹೊಸ ಕರ್ಲು ಹರಡಿದರೆ ಮೇಲ್ಚಾವಣಿಯ ರಿಪೇರಿ ಮುಗಿಯಿತು. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ತಂಪು. ಇಂಥ ಮನೆಗೆ ಸರ್ಕಾರ ಕೊಟ್ಟಿರುವ ಬಿರುದು: ಕಚ್ಚಾ.

ಸುಮ್ನೆ ಹೇಳುತ್ತಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಲೆಕ್ಕ ನೋಡಿ. ಮಣ್ಣಿನ ಗೋಡೆ ಕಚ್ಚಾ. ಮರದ ಗೋಡೆಯೂ ಕಚ್ಚಾ. ಗಾರೆ ಇಲ್ಲದೆ ಜೋಡಿಸಿದ ಕಲ್ಲಿಗೂ ಅದೇ ಗತಿ. ಚಾವಣಿಗೆ ಬಂದರೆ ಕೈಹೆಂಚು ಕಚ್ಚಾ, ಮಿಷನ್ ಹೆಂಚು ಪಕ್ಕಾ. ಆಸ್‌ಬೆಸ್ಟಾಸ್ ಶೀಟು? ಪಕ್ಕಾ ಸ್ವಾಮಿ, ಪಕ್ಕಾ! ಅದರ ಧೂಳು ಹೊಕ್ಕಿ ಕೆಡಿಸುವ ಶ್ವಾಸಕೋಶಕ್ಕೆ ಅಂತ ಆ ಫಾರಂನಲ್ಲಿ ಕಾಲಂ ಇಲ್ಲ.

ಎಲ್ಲಕ್ಕಿಂತ ಪಕ್ಕಾ ಅಂದರೆ ಕಾಂಕ್ರೀಟು. ಅದಕ್ಕೆ ಬೇಕಾದ ಸಿಮೆಂಟಿಗಾಗಿ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸುಣ್ಣದಕಲ್ಲು ಅಗೆದು, ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ; ಅದನ್ನು ಅರೆದರೆ ಸಿಮೆಂಟು. ತಮಾಷೆ ಅಂದರೆ, ಆಗ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲಿನದಲ್ಲ, ಆ ಕಲ್ಲಿನದೇ. ಒಲೆಗೆ ಸೋಲಾರ್ ಹಾಕಿದರೂ ಕಲ್ಲು ತನ್ನ ಪಾಲನ್ನು ಬಿಟ್ಟೇ ಬಿಡುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ಶೇ. 7ರಿಂದ 8ರಷ್ಟು. ಅದರ ಜೊತೆಗೆ ಕಂಬಿ ಬೇರೆ. ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್, ನಮ್ಮ ದೇಶದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ.

ಇಷ್ಟೆಲ್ಲ ಸೇರಿ ಎದ್ದು ನಿಂತ ಮೂವತ್ತು ಮಹಡಿಗೆ ಬೆಂಗಳೂರಿನಲ್ಲಿ 'ಗ್ರೀನ್ ಹೋಮ್ಸ್' ಅಂತ ಹೆಸರು. ಬ್ರೋಷರ್ ತೆರೆದರೆ ಮೊದಲ ಪುಟದಲ್ಲೇ ಚಿಟ್ಟೆ. ಆಮೇಲೆ ಲಾಬಿಯಲ್ಲಿ ಮನಿ ಪ್ಲಾಂಟ್, ಪಾರ್ಕಿಂಗ್‌ನಲ್ಲಿ ಕಾರು ಚಾರ್ಜಿಂಗ್ ಪಾಯಿಂಟು, ದಾರಿದೀಪಕ್ಕೆ ಸೋಲಾರ್. ಕಟ್ಟಡವನ್ನು ಹೊತ್ತು ನಿಂತ ಪಿಲ್ಲರ್, ಬೀಮ್, ಸ್ಲ್ಯಾಬ್ ಬಗ್ಗೆ ಒಂದು ಸಾಲೂ ಇಲ್ಲ. ಮೂವತ್ತು ಮಹಡಿಯನ್ನು ಚಿಟ್ಟೆಯೇ ಹೊತ್ತಿದೆ ಅಂದುಕೊಳ್ಳಬೇಕು.

ಮರದ ಕಥೆ ಇನ್ನೂ ಚೆನ್ನಾಗಿದೆ. ಕಾಡು ಉಳಿಸಬೇಕು ಅಂತ 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರವನ್ನೇ ನಿಷೇಧಿಸಿತು. ಬಾಗಿಲು ಕಿಟಕಿಗೆ ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ ಬಂದವು. ಒಂದು ಕಿಲೋ ಅಲ್ಯುಮಿನಿಯಂ ಕರಗಿಸಿ ತೆಗೆಯಲು ಹದಿನಾಲ್ಕು, ಹದಿನೈದು ಯೂನಿಟ್ ಕರೆಂಟು ಬೇಕು. ಅದೂ ಹೆಚ್ಚಾಗಿ ಕಲ್ಲಿದ್ದಲಿನ ಕರೆಂಟು. ನೆಟ್ಟು ಬೆಳೆಸಿದ ಮರ ಗಾಳಿಯಿಂದ ಇಂಗಾಲ ಎಳೆದುಕೊಂಡು ಬಾಗಿಲಲ್ಲೇ ಕೂಡಿಟ್ಟುಕೊಳ್ಳುತ್ತದೆ ಅನ್ನುವುದು ಹೊಳೆದು ನಿಷೇಧ ತೆಗೆದದ್ದು 2020ರಲ್ಲಿ. ಇಪ್ಪತ್ತೇಳು ವರ್ಷ! ಅಷ್ಟರಲ್ಲಿ ಒಂದು ತೇಗವೇ ಬಾಗಿಲಾಗುವಷ್ಟು ಬೆಳೆದಿರುತ್ತಿತ್ತು.

ಹಾಗಂತ ಮಣ್ಣಿನ ಮನೆಯವರಿಗೆ ಆರ್‌ಸಿಸಿ ಆಸೆ ಯಾಕೆ ಅಂತ ಎಸಿ ರೂಮಿನಲ್ಲಿ ಕೂತು ಕೇಳಬೇಡಿ. ಗೆದ್ದಲು, ಸೋರುವ ಮೂಲೆ, ಜಡಿಮಳೆಗೆ ಕುಸಿಯುವ ಗೋಡೆ ಅವರಿಗೆ ಗೊತ್ತು. ಅದಕ್ಕೂ ದಾರಿ ಇಲ್ಲದೇ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆಂದೇ 1974ರಲ್ಲಿ ಹುಟ್ಟಿದ 'ಅಸ್ತ್ರ' ತಂಡ, ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಬ್ಲಾಕ್ ಮಾಡುವುದನ್ನು ಬೆಳೆಸಿತು. ಎರಡು ಮಹಡಿ ಮನೆಗೆ ಧಾರಾಳ ಸಾಕು. ಅದನ್ನು ಹಿಡಿದುಕೊಂಡವರು ಯಾರು? ಹಳ್ಳಿಯವರಲ್ಲ. ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಇಟ್ಟುಕೊಳ್ಳಬಲ್ಲವರು.

ಇತ್ತ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ವಸತಿ ಯೋಜನೆಯಲ್ಲಿ, ಬಯಲು ಪ್ರದೇಶದವರಿಗೆ 1.20 ಲಕ್ಷ ರೂಪಾಯಿ ಕೊಟ್ಟು ಕಚ್ಚಾ ಮನೆಯವರನ್ನು ಪಕ್ಕಾ ಮಾಡುತ್ತಾರೆ. ಅತ್ತ ಕನಕಪುರ ರಸ್ತೆಯ ಫಾರ್ಮ್‌ಹೌಸ್‌ನಲ್ಲಿ ಕೋಟಿ ಸುರಿದು ಮಣ್ಣಿನ ಗೋಡೆ ಎಬ್ಬಿಸುತ್ತಾರೆ. ಹಳ್ಳಿಯಲ್ಲಿ ಕಿತ್ತು ಹಾಕಿದ ಕೈಹೆಂಚು ಹುಡುಕಿ ತಂದು ಹೊದಿಸುತ್ತಾರೆ. ಬಂದವರೆಲ್ಲ ಗೋಡೆ ಮುಟ್ಟಿ 'ವಾಹ್, ಎಷ್ಟು ತಂಪು' ಅನ್ನುತ್ತಾರೆ.

ಗಣತಿದಾರರು ಫಾರಂ ಹಿಡಿದು ಅಲ್ಲಿಗೂ ಹೋಗಬೇಕು. ಗೋಡೆ ಮಣ್ಣು: ಕಚ್ಚಾ. ಚಾವಣಿ ಕೈಹೆಂಚು: ಕಚ್ಚಾ. ಬಡತನಕ್ಕೆ ಎಲ್ಲ ಲಕ್ಷಣವೂ ಕೂಡಿ ಬಂದಿದೆ. ಕೋಣೆ ಐದಾರು ಇರುವುದರಿಂದ, ಅಂಗಳದಲ್ಲಿ ಎರಡು ಕಾರು ನಿಂತಿರುವುದರಿಂದ ಮಾತ್ರ ಪಾಪ, ಯಜಮಾನರಿಗೆ ಆ 1.20 ಲಕ್ಷ ತಪ್ಪಿತು.