ಮೂರೇ ಪದಗಳ ಹಾಡು, ಐದು ಗುಂಪುಗಳ ಕುಣಿತ

ಡಾಫ್ಟ್ ಪಂಕ್ ಎಂಬ ಫ್ರೆಂಚ್ ಸಂಗೀತಗಾರರ ಜೋಡಿಯ ‘ಅರೌಂಡ್ ದ ವರ್ಲ್ಡ್’ ಹಾಡಿನ ಬಗ್ಗೆ ನಾನು ಹೆಚ್ಚಾಗಿ ಕೇಳಿರುವ ಆಕ್ಷೇಪವೆಂದರೆ, ಅದರಲ್ಲಿ ಮೂರು ಪದಗಳನ್ನು ಬಿಟ್ಟರೆ ಬೇರೇನೂ ಇಲ್ಲ ಎಂಬುದು. ಆಕ್ಷೇಪದಲ್ಲಿ ಸುಳ್ಳೇನೂ ಇಲ್ಲ. ಏಳು ನಿಮಿಷ ದಾಟುವ ಆಲ್ಬಮ್ ಆವೃತ್ತಿಯಲ್ಲಿ ಆ ಮೂರು ಪದಗಳು 144 ಸಲ ಬರುತ್ತವೆ. ಚರಣವಿಲ್ಲ, ಕಥೆಯಿಲ್ಲ, ಪ್ರೇಮಿಯ ಅಳಲೂ ಇಲ್ಲ. ಆದರೆ ಇದನ್ನೇ ದೋಷವೆಂದು ಎಣಿಸುವವರು ಅಲ್ಲಿ ಹುಡುಕುತ್ತಿರುವುದು ಸಾಹಿತ್ಯವನ್ನು. ಕುಣಿತಕ್ಕೆಂದೇ ಕಟ್ಟಿದ ಈ ‘ಹೌಸ್’ ಸಂಗೀತದಲ್ಲಿ ಸಾಹಿತ್ಯ ಹುಡುಕುವುದೆಂದರೆ ಭಜನೆಯಲ್ಲಿ ಕಥೆ ಎಲ್ಲಿದೆ ಎಂದು ಕೇಳಿದಂತೆ. ಈ ಸಂಗೀತದಲ್ಲಿ ಕಿವಿಗೊಡಬೇಕಾದದ್ದು ಯಾವುದಕ್ಕೆ ಎಂಬುದನ್ನು ಇದೇ ಹಾಡಿಗೆ ಮಿಶೆಲ್ ಗೋಂದ್ರಿ 1997ರಲ್ಲಿ ನಿರ್ದೇಶಿಸಿದ ವಿಡಿಯೊದಷ್ಟು ಚೆನ್ನಾಗಿ ಬಿಡಿಸಿ ತೋರಿಸಿದ ಬರಹವನ್ನು ನಾನಂತೂ ಓದಿಲ್ಲ.

ಪುನರಾವರ್ತನೆ ಈ ಸಂಗೀತಕ್ಕೆ ಹುಟ್ಟಿನಿಂದಲೇ ಬಂದದ್ದು. 1970ರ ದಶಕದ ಕೊನೆಯಲ್ಲಿ ಷಿಕಾಗೊದ ವೇರ್‌ಹೌಸ್ ಕ್ಲಬ್ಬಿನಲ್ಲಿ, ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳೇ ಸೇರುತ್ತಿದ್ದ ಜಾಗದಲ್ಲಿ, ಡಿಜೆ ಫ್ರಾಂಕಿ ನಕಲ್ಸ್ ಡಿಸ್ಕೊ ಹಾಡುಗಳ ಕುಣಿಸುವ ಭಾಗಗಳನ್ನು ಹಿಗ್ಗಿಸಿ, ಮುಂದೆ ಅವಕ್ಕೆ ಡ್ರಮ್ ಮಷಿನ್ನಿನ ಬಡಿತವನ್ನೂ ಸೇರಿಸಿ ಕಟ್ಟಿದ ಸಂಗೀತಕ್ಕೆ ಆ ಕ್ಲಬ್ಬಿನ ಹೆಸರೇ ಚುಟುಕಾಗಿ ‘ಹೌಸ್’ ಎಂದು ಅಂಟಿಕೊಂಡಿತು ಎನ್ನುತ್ತಾರೆ. ಕುಣಿಯುವವರಿಗೆ ಹಾಡು ಮುಗಿಯುವುದು ಬೇಕಿರಲಿಲ್ಲ, ಮುಂದುವರಿಯುವುದು ಬೇಕಿತ್ತು. ಡಾಫ್ಟ್ ಪಂಕ್‌ನ ಇಬ್ಬರು, ಪ್ಯಾರಿಸ್ಸಿನ ಥಾಮಸ್ ಬಾಂಗಾಲ್ಟೇರ್ ಮತ್ತು ಗಿ-ಮಾನ್ಯುಯೆಲ್ ದ ಓಮೆಮ್-ಕ್ರಿಸ್ಟೊ ಈ ಪಾಠವನ್ನು ದೂರದಿಂದ ಕಲಿತವರು. ತಮ್ಮ ಮೊದಲ ಆಲ್ಬಮ್ ‘ಹೋಮ್‌ವರ್ಕ್’ ಅನ್ನು ಸ್ಟುಡಿಯೊ ಹಿಡಿಯದೆ ಬಾಂಗಾಲ್ಟೇರ್ ಅವರ ಮನೆಯಲ್ಲಿ, ಮಲಗುವ ಕೋಣೆಯಲ್ಲೇ ಮಾಡಿಕೊಂಡ ಇವರು, ಅದರ ಒಂದು ಹಾಡಿನಲ್ಲಿ ತಮ್ಮ ಗುರುಗಳೆಂದು ಷಿಕಾಗೊದ ಹಲವರ ಹೆಸರನ್ನು ಸಾಲಾಗಿ ಹೇಳಿದ್ದಾರೆ. ಫ್ರಾನ್ಸಿಗೆ ಸಿಕ್ಕಷ್ಟು ಕೀರ್ತಿ ಆ ಗುರುಗಳಿಗೆ ಸಿಗಲಿಲ್ಲ ಎಂಬುದು ಬೇರೆ ಮಾತು. ಋಣವನ್ನು ಮುಚ್ಚಿಡಲಿಲ್ಲ ಎಂಬಷ್ಟನ್ನು ಒಪ್ಪಬೇಕು.

ಹಾಡಿನ ಕಟ್ಟಡ ನೋಡಿದರೆ ಬಹಳ ಸರಳ. ನಿಮಿಷಕ್ಕೆ ಸುಮಾರು 121 ಬಡಿತಗಳ ಲಯ, ಅದರ ಮೇಲೆ ಏರುತ್ತ ಇಳಿಯುತ್ತ ಸಾಗುವ, ಡಿಸ್ಕೊ ದಿನಗಳ ಶಿಕ್ ತಂಡವನ್ನು ನೆನಪಿಸುವ, ತಗ್ಗಿನ ಸ್ವರದ ಬೇಸ್, ಮೇಲಿನ ಸ್ಥಾಯಿಯಲ್ಲಿ ಸಿಂಥಸೈಜರ್, ನಡುವೆ ಗಿಟಾರಿನ ಎಳೆ, ಮತ್ತು ಯಂತ್ರದೊಳಗಿಂದ ಹಾಯ್ದು ಬರುವ ಆ ದನಿ. ಐದೇ ಪಾತ್ರಗಳು. ಒಂದು ಬರುತ್ತದೆ, ಇನ್ನೊಂದು ಸರಿಯುತ್ತದೆ, ಹೋದದ್ದು ಮರಳಿ ಬಂದಾಗ ಮೈಗೆ ಒಂದು ಹೊಸ ಹುರುಪು ಬರುತ್ತದೆ. ಯಾವುದು ಯಾವಾಗ ಬಂತು ಎಂಬುದರಲ್ಲೇ ಇಡೀ ಸ್ವಾರಸ್ಯ ಅಡಗಿರುವುದರಿಂದ, ಪದಗಳನ್ನಷ್ಟೇ ಹಿಂಬಾಲಿಸುವ ಕಿವಿಗೆ ಇಲ್ಲಿ ಏನೂ ನಡೆಯುತ್ತಿಲ್ಲ ಎನಿಸುವುದು ಸಹಜ.

ಗೋಂದ್ರಿ ಮಾಡಿದ್ದು ಇಷ್ಟೇ: ಐದು ಪಾತ್ರಗಳಿಗೂ ಮೈ ಕೊಟ್ಟರು. ಗ್ರಾಮಫೋನ್ ತಟ್ಟೆಯನ್ನು ಹೋಲುವ ದುಂಡನೆಯ ವೇದಿಕೆಯ ಮೇಲೆ ನಾಲ್ವರು ರೋಬಾಟ್‌ಗಳು ಸುತ್ತು ಹಾಕುತ್ತಾರೆ. ಅವರು ಆ ಯಂತ್ರದ ದನಿ. ಸಣ್ಣ ತಲೆಯ, ಟ್ರ್ಯಾಕ್‌ಸೂಟ್ ತೊಟ್ಟ ನಾಲ್ವರು ಎತ್ತರದ ಕ್ರೀಡಾಪಟುಗಳು ಮೆಟ್ಟಿಲು ಹತ್ತಿ ಇಳಿಯುತ್ತಾರೆ; ಅವರು ಬೇಸ್. ಈಜುಡುಗೆಯ ನಾಲ್ವರು ಹೆಂಗಸರು ಇನ್ನೊಂದು ಮೆಟ್ಟಿಲಿನ ಮೇಲೆ ಸಿಂಥಸೈಜರ್ ಆಗಿದ್ದಾರೆ, ಅಸ್ಥಿಪಂಜರಗಳು ಗಿಟಾರ್, ಮೈತುಂಬ ಬಟ್ಟೆ ಸುತ್ತಿಕೊಂಡ ಮಮ್ಮಿಗಳು ಡ್ರಮ್ ಮಷಿನ್. ಬೆಳಕು ಕೂಡ ತಾಳಕ್ಕೆ ತಕ್ಕಂತೆ ಮಿನುಗುತ್ತದೆ. ಸ್ವರ ಮೇಲೇರಿದಾಗ ಕಾಲು ಒಂದು ಮೆಟ್ಟಿಲು ಮೇಲೇರುವುದನ್ನು ಒಮ್ಮೆ ಗಮನಿಸಿದ ಮೇಲೆ, ಬೇಸ್ ಎಂದರೆ ಎಲ್ಲೋ ಕೆಳಗೆ ಗುಂಯ್‌ಗುಡುವ ಸದ್ದು ಎಂದುಕೊಂಡವರಿಗೂ ಅದೊಂದು ನಡೆಯಾಗಿ, ತನ್ನದೇ ತಿರುವುಗಳಿರುವ ದಾರಿಯಾಗಿ ಕೇಳತೊಡಗುತ್ತದೆ. ಸಂಗೀತದ ಒಂದಕ್ಷರವನ್ನೂ ಅರಿಯದವರಿಗೆ ಹಾಡಿನ ರಚನೆಯನ್ನು ಹೀಗೆ, ಒಂದೂ ಮಾತಾಡದೆ, ಓದಿಸಬಲ್ಲ ಇನ್ನೊಂದು ವಿಡಿಯೊ ನನಗೆ ಹೊಳೆಯುತ್ತಿಲ್ಲ.

ಗೋಂದ್ರಿ ಮೊದಲು ‘ವಿ ವಿ’ ಎಂಬ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. ತಾಳ ಹಾಕುವವನ ಕಿವಿ ಹಾಡನ್ನು ಪದರ ಪದರವಾಗಿ ಕೇಳುತ್ತದೆ. ವಿಡಿಯೊಗಳಲ್ಲಿ ನೃತ್ಯವನ್ನು ಚೂರು ಚೂರಾಗಿ ಕತ್ತರಿಸುವ ರೂಢಿಯೂ ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಸ್ಪೇನ್ ಮೂಲದ ಬ್ಲಾಂಕಾ ಲಿ ಸಂಯೋಜಿಸಿದ ಕುಣಿತವನ್ನು ಕ್ಯಾಮೆರಾ ಇಡಿಯಾಗಿ, ತಾಳ್ಮೆಯಿಂದ ನೋಡುತ್ತದೆ. ಕ್ಲಬ್ಬಿನ ಮಂಜುಬೆಳಕು, ಬೆವರಿದ ಮೈಗಳು, ಎರಡು ಸೆಕೆಂಡಿಗೊಮ್ಮೆ ಬದಲಾಗುವ ದೃಶ್ಯ ಇವೇ ನೃತ್ಯಸಂಗೀತದ ವಿಡಿಯೊಗಳ ಬಂಡವಾಳವಾಗಿರುವಾಗ ಈ ಸಂಯಮ ದೊಡ್ಡದು. ಅಂಥ ವಿಡಿಯೊಗಳು ಪಾರ್ಟಿಯನ್ನು ಮಾರುತ್ತವೆ, ಸಂಗೀತದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. 2002ರಲ್ಲಿ ಕೆಮಿಕಲ್ ಬ್ರದರ್ಸ್ ತಂಡಕ್ಕಾಗಿ ಗೋಂದ್ರಿ ಇದೇ ಯೋಚನೆಯನ್ನು ಮುಂದೊಯ್ದು, ರೈಲಿನ ಕಿಟಕಿಯಾಚೆ ಸರಿಯುವ ಕಟ್ಟಡ, ಕಂಬಗಳನ್ನೇ ಬಡಿತಗಳಿಗೆ ಹೊಂದಿಸಿದರು. ಜಾಣ್ಮೆಯಲ್ಲಿ ಅದು ಮೇಲೆನ್ನುವವರಿದ್ದಾರೆ. ನನಗೆ ಮನುಷ್ಯರ ಕಾಲುಗಳೇ ಇಷ್ಟ.

ಒಂದು ತಕರಾರು ಇದೆ. ತಗ್ಗಿನ ಸ್ವರಕ್ಕೆ ಗಂಡಾಳುಗಳು, ಮೇಲಿನ ಸ್ವರಕ್ಕೆ ಈಜುಡುಗೆಯ ಹೆಂಗಸರು ಎಂಬ ಹಂಚಿಕೆ ತೀರಾ ಸುಲಭವಾಗಿ ಸಿಕ್ಕಿದ್ದು. ಅಸ್ಥಿಪಂಜರವನ್ನೇ ಸ್ವರವಾಗಿಸಿದ ಕಲ್ಪನೆಗೆ ಇಲ್ಲಿ ಮಾತ್ರ ಸೋಮಾರಿತನ ತಟ್ಟಿದೆ. ರೋಬಾಟ್‌ಗಳದ್ದು ಬೇರೆಯೇ ಕಥೆ. ಈ ಇಬ್ಬರು ಸಂಗೀತಗಾರರು ಲೋಹದ ಹೆಲ್ಮೆಟ್ ತೊಟ್ಟು ತಾವೇ ರೋಬಾಟ್‌ಗಳಾಗಿ ಕಾಣಿಸಿಕೊಂಡದ್ದು 2001ರ ಎರಡನೆಯ ಆಲ್ಬಮ್ಮಿನ ಹೊತ್ತಿಗೆ. 2021ರಲ್ಲಿ ಜೋಡಿ ಬೇರೆಯಾಗುವವರೆಗೂ ಅದೇ ಅವರ ಗುರುತಾಗಿ ಉಳಿಯಿತು.

ಇನ್ನೂ ನೋಡದವರು ದಯವಿಟ್ಟು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ನೋಡಿ, ಏಕೆಂದರೆ ಫೋನಿನ ಸ್ಪೀಕರಿನಲ್ಲಿ ಬೇಸ್ ಅರ್ಧ ಸತ್ತೇಹೋಗುತ್ತದೆ. ಮೊದಲ ಸಲ ಮೆಟ್ಟಿಲಿನ ಮೇಲಿನ ಕ್ರೀಡಾಪಟುಗಳನ್ನು ಮಾತ್ರ ಹಿಂಬಾಲಿಸಿ. ರೋಬಾಟ್‌ಗಳ ಸರದಿ ಕೊನೆಗಿರಲಿ.